ಬೆಣ್ಣೆಯೂ ಬಸಿದ ನೀರೂ

ಪಾಸ್ತಾ ಎಂಬ ಇಟಲಿಯ ತಿನಿಸು ಈಗ ನಮ್ಮ ಊರುಗಳ ದಿನಸಿ ಅಂಗಡಿಗಳಲ್ಲಿಯೂ ದೊರೆಯುತ್ತದೆ. ನಮ್ಮಲ್ಲಿ ಇದನ್ನು ಹೆಚ್ಚಾಗಿ ಈರುಳ್ಳಿ, ಟೊಮೇಟೊ, ಖಾರಗಳೊಡನೆ, ಉಪ್ಪಿಟ್ಟಿನ ದೂರದ ಬಂಧುವೆಂಬಂತೆ ಮಾಡುವರು. ಆದರೆ ಇಟಲಿಯಲ್ಲಿ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಆಗಾಗ ಒಲೆಯೇರುವುದು ಇವಾವುದೂ ಇಲ್ಲದ ಪಾಸ್ತಾ: ನೀರಿನಲ್ಲಿ ಬೇಯಿಸಿ ಬೆಣ್ಣೆ ಕಲಸಿದ್ದು, ಅಷ್ಟೆ. ಅಲ್ಲಿಯವರು ಇದನ್ನು 'ಬಿಳಿಯ ಪಾಸ್ತಾ' ಎನ್ನುತ್ತಾರೆ. ಮಕ್ಕಳಿಗೂ ಹೊಟ್ಟೆ ಕೆಟ್ಟವರಿಗೂ ಅದೇ ಪಥ್ಯ. ನಮ್ಮ ಮನೆಗಳಲ್ಲಿ ತುಪ್ಪದನ್ನಕ್ಕಿರುವ ಸ್ಥಾನ ಅಲ್ಲಿ ಅದಕ್ಕಿದೆ. ರೋಮ್ ನಗರದ ಅಲ್ಫ್ರೆಡೊ ದಿ ಲೆಲಿಯೊ ಎಂಬ ಭೋಜನಶಾಲೆಯವನು ೧೯೦೮ರಲ್ಲಿ, ಹೆರಿಗೆಯಾಗಿ ನಿತ್ರಾಣಳಾಗಿದ್ದ ತನ್ನ ಹೆಂಡತಿಗೆ ಬಾಯಿರುಚಿ ಬರಲೆಂದು ಬೆಣ್ಣೆ ಮತ್ತು ಚೀಸ್ ಹಾಕಿದ ಪಾಸ್ತಾ ಮಾಡಿಕೊಟ್ಟನೆಂದೂ, ಮುಂದೆ ಅವನ ಹೆಸರಿನಲ್ಲಿ ಜಗತ್ಪ್ರಸಿದ್ಧವಾದ ಭಕ್ಷ್ಯದ ಮೂಲ ಅದೇ ಎಂದೂ ಆ ಮನೆತನದವರು ಹೇಳುವರು.

ಇಷ್ಟು ಸರಳವಾದ ಅಡುಗೆಯಲ್ಲಿ ವಿಜ್ಞಾನಕ್ಕೆ ಏನು ಕೆಲಸ ಎಂದು ವಾಚಕರು ಕೇಳಬಹುದು. ಒಂದೇ ಪೊಟ್ಟಣದ ಪಾಸ್ತಾ, ಒಂದೇ ಬೆಣ್ಣೆ, ಒಂದೇ ಒಲೆ; ಆದರೂ ಒಬ್ಬರ ತಟ್ಟೆಯಲ್ಲಿ ಪಾಸ್ತಾ ನಯವಾಗಿ ಹೊಳೆಯುತ್ತ ಎಳೆಎಳೆಯಾಗಿ ಬಿಡಿಸಿಕೊಂಡಿದ್ದರೆ, ಇನ್ನೊಬ್ಬರ ತಟ್ಟೆಯಲ್ಲಿ ಅದು ಮುದ್ದೆಗಟ್ಟಿ, ಅಡಿಯಲ್ಲಿ ಹಳದಿಯ ಜಿಡ್ಡಿನ ಮಡು ನಿಂತಿರುತ್ತದೆ. ದೊಡ್ಡವರು ಸುಮ್ಮನೆ ತಿಂದು ಏಳುತ್ತಾರೆ. ಮೂರು ವರ್ಷದ ಮಗು ತಟ್ಟೆಯನ್ನು ತಳ್ಳುತ್ತದೆ. ಆ ರಾತ್ರಿ ಅದು ಉಪವಾಸ, ತಾಯಿಗೆ ನಿದ್ರೆಯಿಲ್ಲ. ಈ ಎರಡು ತಟ್ಟೆಗಳ ನಡುವಣ ಅಂತರವನ್ನು ಹುಡುಕುತ್ತ ಹೋದರೆ ಅದು ನಾವು ಸಾಮಾನ್ಯವಾಗಿ ಬಚ್ಚಲಿಗೆ ಸುರಿಯುವ ಒಂದು ಸೌಟು ನೀರಿನಲ್ಲಿ ಅಡಗಿದೆ ಎಂದು ತಿಳಿದುಬರುತ್ತದೆ.

ಮೊದಲು ಪಾಸ್ತಾ ಎಂದರೇನೆಂದು ನೋಡೋಣ. ಒಣ ಪಾಸ್ತಾವನ್ನು ದುರಂ ಎಂಬ ಜಾತಿಯ ಗೋಧಿಯ ರವೆಗೆ ನೀರು ಸೇರಿಸಿ, ಗಟ್ಟಿಯಾಗಿ ನಾದಿ, ಅಚ್ಚಿನಿಂದ ಒತ್ತಿ, ಒಣಗಿಸಿ ಮಾಡುತ್ತಾರೆ. ಇಟಲಿಯಲ್ಲಿ ಒಣ ಪಾಸ್ತಾಕ್ಕೆ ದುರಂ ಗೋಧಿಯನ್ನೇ ಬಳಸಬೇಕೆಂದು ೧೯೬೭ರಲ್ಲಿ ಕಾಯಿದೆಯಾಯಿತು; ಆ ನಿಯಮ ಈಗಲೂ ಉಳಿದಿದೆ. ರೊಟ್ಟಿಯ ಗೋಧಿಯ ಜೀವಕೋಶದಲ್ಲಿ ೪೨ ವರ್ಣತಂತುಗಳಿದ್ದರೆ ದುರಂ ಗೋಧಿಯಲ್ಲಿ ಇರುವುದು ೨೮. ಕಾಳು ಬಹಳ ಗಟ್ಟಿ, ಬಣ್ಣ ಹಳದಿ. ಬೀಸಿದಾಗ ನುಣ್ಣನೆಯ ಹಿಟ್ಟಾಗದೆ ಹರಳುಹರಳಾದ ರವೆಯಾಗುತ್ತದೆ. ಇದು ನಮಗೆ ಪರಕೀಯವಾದ ಧಾನ್ಯವೇನೂ ಅಲ್ಲ. ವಿಜಯಪುರ, ಬಾಗಲಕೋಟೆ, ಧಾರವಾಡಗಳ ಕಪ್ಪು ಭೂಮಿಯಲ್ಲಿ ಈ ಗೋಧಿ ಬೆಳೆಯುತ್ತದೆ. ಆ ಸೀಮೆಯ ಹೆಣ್ಣುಮಕ್ಕಳು ಬೇಸಗೆಯಲ್ಲಿ ಹೊಸೆದು ಕೋಲಿನ ಮೇಲೆ ಒಣಹಾಕುವ ಶಾವಿಗೆಯೂ ಇಟಲಿಯ ಸ್ಪಗೆಟಿಯೂ ತತ್ವದಲ್ಲಿ ಒಂದೇ. ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ ದುರಂ ಗೋಧಿ ಎಂದಿದೆಯೇ ಎಂದು ಓದಿ ನೋಡುವುದು ಒಳ್ಳೆಯದು. ಮೈದಾದಿಂದ ಮಾಡಿದ ಅಗ್ಗದ ಸರಕು ಬೇಗ ಕರಗಿ ಅಂಟಾಗುತ್ತದೆ. ಏಕೆಂಬುದು ಮುಂದೆ ಸ್ಪಷ್ಟವಾಗುವುದು.

ಉದ್ದನೆಯ ಸ್ಪಗೆಟಿಯನ್ನು ಮಕ್ಕಳ ಬಾಯಿಗೆ ತಕ್ಕಂತೆ ಮುರಿಯುವ ಪ್ರಸಂಗದಲ್ಲಿ ಭೌತವಿಜ್ಞಾನದ ಒಂದು ಸ್ವಾರಸ್ಯವಿದೆ. ಒಣ ಕಡ್ಡಿಯ ಎರಡು ತುದಿಗಳನ್ನೂ ಹಿಡಿದು ಬಗ್ಗಿಸಿದರೆ ಅದು ಎರಡು ತುಂಡಾಗದೆ ಸಾಮಾನ್ಯವಾಗಿ ಮೂರೋ ನಾಲ್ಕೋ ತುಂಡಾಗುತ್ತದೆ. ಪ್ರಸಿದ್ಧ ವಿಜ್ಞಾನಿ ರಿಚರ್ಡ್ ಫೈನ್‌ಮನ್ನನನ್ನೂ ಈ ಒಗಟು ಕಾಡಿತ್ತು. ಮೊದಲ ಮುರಿತ ಉಂಟಾದೊಡನೆ ಬಾಗಿದ್ದ ತುಂಡು ನೆಟ್ಟಗಾಗಲು ಹೋಗಿ, ಅದರಲ್ಲಿ ಒಂದು ಅಲೆ ಹರಿದು, ಇನ್ನೊಂದೆಡೆ ಬಾಗನ್ನು ಹೆಚ್ಚಿಸಿ ಮತ್ತೆ ಮುರಿಯುತ್ತದೆಂದು ೨೦೦೫ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ತೋರಿಸಿದರು. ಕಡ್ಡಿಯನ್ನು ಹೆಚ್ಚುಕಡಿಮೆ ಒಂದು ಸುತ್ತು ತಿರುಚಿ ಆಮೇಲೆ ಮೆಲ್ಲನೆ ಬಗ್ಗಿಸಿದರೆ ಸರಿಯಾಗಿ ಎರಡೇ ತುಂಡು ಮಾಡಬಹುದೆಂದು ೨೦೧೮ರಲ್ಲಿ ಅಮೆರಿಕದ ಪ್ರಯೋಗಗಳಿಂದ ತಿಳಿಯಿತು. ಅಡುಗೆಮನೆಯಲ್ಲಿ ಇದರಿಂದ ಉಪಯೋಗವೇನೂ ಇಲ್ಲ. ಹಸಿದ ಮಕ್ಕಳನ್ನು ಕೂರಿಸಿಕೊಂಡು ಕಡ್ಡಿಗಳನ್ನು ತಿರುಚುತ್ತ ಇರುವವರು ಯಾರು? ಮೊದಲೇ ಗಿಡ್ಡವಾಗಿರುವ ಆಕಾರಗಳನ್ನು ಕೊಳ್ಳುವುದೇ ಸುಲಭ.

ಇನ್ನು ಬೇಯಿಸುವ ವಿಚಾರ. ತಂದೆ, ತಾಯಿ, ಇಬ್ಬರು ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ೨೫೦ ಗ್ರಾಂ ಒಣ ಪಾಸ್ತಾ ಸಾಕು. ಬೆಂದಾಗ ಅದರ ತೂಕ ಎರಡರಷ್ಟನ್ನು ಮೀರುತ್ತದೆ. ಇಟಲಿಯ ರೂಢಿಯ ಲೆಕ್ಕ ೧೦೦ ಗ್ರಾಂಗೆ ಒಂದು ಲೀಟರು ನೀರು, ಅಂದರೆ ಇಲ್ಲಿ ಎರಡೂವರೆ ಲೀಟರು. ಇಷ್ಟೊಂದು ನೀರು ಬೇಕೆನ್ನುವವರು ಕೊಡುವ ಕಾರಣವೆಂದರೆ, ನೀರು ಹೆಚ್ಚಿದ್ದರೆ ಪಾಸ್ತಾ ಹಾಕಿದಾಗ ಕುದಿ ನಿಲ್ಲುವುದಿಲ್ಲ, ನಿಂತರೂ ಬೇಗ ಮರಳುತ್ತದೆ, ಎಂಬುದು. ಈ ಮಾತನ್ನು ತಕ್ಕಡಿಯಲ್ಲಿಟ್ಟು ನೋಡೋಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಪ್ರತಿ ೩೦೦ ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುವುದರಿಂದ ಅಲ್ಲಿ ನೀರು ೯೭ ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ನಲ್ಲಿಯ ನೀರು ೨೫ ಡಿಗ್ರಿ ಇದೆಯೆಂದು ಇಟ್ಟುಕೊಂಡರೆ ಎರಡೂವರೆ ಲೀಟರನ್ನು ಕುದಿಗೆ ತರಲು ಸುಮಾರು ೭೫೦ ಕಿಲೋಜೂಲ್ ಉಷ್ಣ ಬೇಕು. ಒಣ ಪಾಸ್ತಾದ ವಿಶಿಷ್ಟೋಷ್ಣ ನೀರಿನದರ ಅರ್ಧಕ್ಕಿಂತ ಕಡಿಮೆ, ಗ್ರಾಮಿಗೆ ೧.೮ ಜೂಲ್ ಎಂದು ಹಿಡಿದರೆ ೨೫೦ ಗ್ರಾಂ ಪಾಸ್ತಾವನ್ನು ೯೭ ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು ೩೨ ಕಿಲೋಜೂಲ್ ಮಾತ್ರ. ಎರಡೂವರೆ ಲೀಟರು ನೀರು ಈ ಉಷ್ಣವನ್ನು ಕೊಟ್ಟು ೩ ಡಿಗ್ರಿ ತಣ್ಣಗಾಗುವುದು. ಅದರ ಅರ್ಧ ನೀರಿದ್ದರೆ ೬ ಡಿಗ್ರಿ. ಇಲ್ಲಿಯವರೆಗೆ ರೂಢಿಯವರ ಮಾತು ನಿಜ. ಆದರೆ ಮತ್ತೆ ಕುದಿ ಬರಲು ಒಲೆಯು ತುಂಬಿಕೊಡಬೇಕಾದ ಉಷ್ಣ ಎರಡು ಪಾತ್ರೆಗಳಲ್ಲಿಯೂ ಅದೇ ೩೨ ಕಿಲೋಜೂಲ್! ನೀರಿಗೆ ಒಂದು ಕಿಲೋವಾಟಿನಂತೆ ಉಷ್ಣ ಕೊಡುವ ಒಲೆಯಾದರೆ ಎರಡಕ್ಕೂ ಅರ್ಧ ನಿಮಿಷ. ಹೀಗಿರಲು ಒಂದೂಕಾಲು ಲೀಟರು ನೀರಿನಲ್ಲಿ ಬೇಯಿಸಿದರೆ ಮೊದಲ ಕುದಿಗೆ ಬೇಕಾದ ಅನಿಲವೂ ಕಾಲವೂ ಅರ್ಧಕ್ಕಿಳಿಯುತ್ತವೆ. ನಷ್ಟವೇನೂ ಇಲ್ಲ, ಲಾಭವೊಂದು ಬೇರೆ ಇದೆ. ಅದನ್ನು ಬೆಣ್ಣೆಯ ಪ್ರಕರಣದಲ್ಲಿ ಹೇಳುತ್ತೇವೆ.

ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಬೇಕು. ಭೋರ್ಗರೆದು ಕುದಿಯುವ ನೀರೂ ಮೆಲ್ಲನೆ ಕುದಿಯುವ ನೀರೂ ಒಂದೇ ಉಷ್ಣತೆಯಲ್ಲಿರುತ್ತವೆಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲ. ಹೆಚ್ಚಿನ ಉರಿಯೆಲ್ಲ ಉಗಿಯಾಗಿ ಹೋಗುತ್ತದೆ. ಒಂದು ಕಿಲೋವಾಟಿನಂತೆ ಹತ್ತು ನಿಮಿಷ ಕುದಿಸಿದರೆ ಕಾಲು ಲೀಟರಿಗಿಂತ ತುಸು ಹೆಚ್ಚು ನೀರು ಆವಿಯಾಗುವುದಲ್ಲದೆ ಪಾಸ್ತಾ ಒಂದು ಕ್ಷಣವೂ ಮೊದಲೇ ಬೇಯುವುದಿಲ್ಲ. ೨೦೨೧ರಲ್ಲಿ ಭೌತವಿಜ್ಞಾನಕ್ಕಾಗಿ ನೊಬೆಲ್ ಪಾರಿತೋಷಕ ಪಡೆದ ಇಟಲಿಯ ಜಾರ್ಜಿಯೊ ಪರೀಸಿ, ಅದರ ಮರುವರ್ಷ ಒಂದು ಹೆಜ್ಜೆ ಮುಂದೆ ಹೋಗಿ, ಕುದಿಯಲ್ಲಿ ಪಾಸ್ತಾ ಹಾಕಿದ ಮೇಲೆ ಒಲೆಯನ್ನೇ ಆರಿಸಿ ಮುಚ್ಚಳ ಮುಚ್ಚಿಟ್ಟರೂ ಬೇಯುತ್ತದೆಂಬ ಸಲಹೆಯನ್ನು ಎತ್ತಿಹಿಡಿದರು. ಇದಕ್ಕೆ ಅಲ್ಲಿನ ಕೆಲವು ಪಾಕಶಾಸ್ತ್ರಜ್ಞರು ಸಿಟ್ಟಾದರು. ಲೆಕ್ಕ ಪರೀಸಿಯವರ ಕಡೆಗೇ ಇದೆ: ಗೋಧಿಯ ಪಿಷ್ಟ ೬೦ ಡಿಗ್ರಿಯ ಆಸುಪಾಸಿನಲ್ಲಿಯೇ ನೀರು ಕುಡಿದು ಉಬ್ಬತೊಡಗುತ್ತದೆ. ಆದರೂ ನಾವು ಸಣ್ಣ ಉರಿಯ ಪಕ್ಷದವರು. ಆಗಾಗ ಕೈಯಾಡಿಸಲು ಮುಚ್ಚಳ ತೆರೆಯಲೇಬೇಕಷ್ಟೆ.

ಉಪ್ಪು ಹಾಕಿದರೆ ನೀರಿನ ಕುದಿಬಿಂದು ಏರಿ ಪಾಸ್ತಾ ಬೇಗ ಬೇಯುತ್ತದೆ ಎಂಬ ನಂಬಿಕೆ ಕಾಲೇಜು ವಿದ್ಯಾರ್ಥಿಗಳಲ್ಲಿಯೇ ಹೆಚ್ಚು. ಪಾಠವನ್ನು ಓದಿ ಲೆಕ್ಕವನ್ನು ಬಿಟ್ಟವರ ನಂಬಿಕೆ ಅದು. ಲೀಟರಿಗೆ ೧೦ ಗ್ರಾಂ ಉಪ್ಪು ಹಾಕಿದರೆ ಕುದಿಬಿಂದು ಏರುವುದು ಒಂದು ಡಿಗ್ರಿಯ ಆರನೆಯ ಒಂದು ಭಾಗ. ಎತ್ತರದಿಂದಾಗಿ ಬೆಂಗಳೂರು ಕಳೆದುಕೊಂಡ ೩ ಡಿಗ್ರಿಯನ್ನು ಉಪ್ಪಿನಿಂದಲೇ ತುಂಬಿಸುವುದಾದರೆ ಸಮುದ್ರದ ನೀರಿಗಿಂತ ಐದುಪಟ್ಟು ಉಪ್ಪಾದ ನೀರು ಬೇಕಾಗುವುದು! ಉಪ್ಪು ಇರುವುದು ರುಚಿಗಾಗಿ. ಮಕ್ಕಳಿರುವ ಮನೆಯಲ್ಲಿ ಅದನ್ನು ಲೀಟರಿಗೆ ೫ ಗ್ರಾಮಿಗೆ, ಅಂದರೆ ಒಂದು ಚಹಾ ಚಮಚಕ್ಕೆ, ಇಳಿಸುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆಯು ದಿನವಿಡೀ ಒಬ್ಬ ವಯಸ್ಕನಿಗೆ ಹೇಳುವ ಮಿತಿಯೇ ೫ ಗ್ರಾಮಿಗಿಂತ ಕಡಿಮೆ, ಮಕ್ಕಳಿಗೆ ಇನ್ನೂ ಕಡಿಮೆ. ವರ್ಷ ತುಂಬದ ಕೂಸಿಗೂ ಅದೇ ಪಾತ್ರೆಯಿಂದ ಉಣಿಸುವುದಾದರೆ ಉಪ್ಪು ಬೇಡವೇ ಬೇಡ. ಇನ್ನು ಅಂಟದಿರಲೆಂದು ನೀರಿಗೆ ಎಣ್ಣೆ ಹಾಕುವುದು ವ್ಯರ್ಥ. ಎಣ್ಣೆ ಮೇಲೆ ತೇಲುತ್ತದೆ, ಪಾಸ್ತಾ ಕೆಳಗೆ ಇರುತ್ತದೆ.

ಬೇಯುವಾಗ ಒಳಗೆ ನಡೆಯುವುದೇನು? ಪಾಸ್ತಾದ ಶೇಕಡ ೭೦ರಷ್ಟು ಪಿಷ್ಟ, ೧೨-೧೩ರಷ್ಟು ಪ್ರೋಟೀನು. ಪಿಷ್ಟದ ಸೂಕ್ಷ್ಮ ಕಣಗಳು ಗ್ಲುಟೆನ್ ಎಂಬ ಪ್ರೋಟೀನಿನ ಬಲೆಯಲ್ಲಿ ಸಿಕ್ಕಿಕೊಂಡಿವೆ ಎಂದು ಊಹಿಸಿಕೊಳ್ಳಿರಿ. ಬಿಸಿನೀರು ಹೊರಪದರದಿಂದ ಒಳಕ್ಕೆ ಇಳಿದಂತೆ ಕಣಗಳು ಉಬ್ಬುತ್ತವೆ; ಅದೇ ಕಾಲಕ್ಕೆ ಬಲೆ ಬಿಸಿಗೆ ಗಟ್ಟಿಯಾಗುತ್ತದೆ. ಬಲೆ ಬಲವಾಗಿದ್ದರೆ ಉಬ್ಬಿದ ಕಣಗಳನ್ನು ಹಿಡಿದಿಡುವುದು. ದುರಂ ಗೋಧಿಯ ಮಹಿಮೆ ಇದೇ. ಬಲೆ ದುರ್ಬಲವಾಗಿದ್ದರೆ ಪಿಷ್ಟ ಹೊರಗೆ ಸೋರಿ ಪಾಸ್ತಾ ಅಂಟಂಟಾಗುವುದು. ಎಷ್ಟೇ ಒಳ್ಳೆಯ ಪಾಸ್ತಾ ಆಗಲಿ, ಹೊರಮೈಯ ಕಣಗಳು ಒಂದಿಷ್ಟು ಒಡೆದೇ ಒಡೆಯುತ್ತವೆ. ಮೊದಲ ಎರಡು ನಿಮಿಷ ಈ ಮೈ ಗೋಂದಿನಂತಿರುತ್ತದೆ. ಆಗ ಕೈಯಾಡಿಸದೆ ಬಿಟ್ಟರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಮುದ್ದೆಯಾಗುತ್ತವೆ. ಆಮೇಲೆ ಗೋಂದು ನೀರಿಗೆ ಬಿಟ್ಟುಕೊಂಡು, ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುವುದು.

ಪೊಟ್ಟಣದ ಮೇಲೆ ಬರೆದ ನಿಮಿಷಗಳು ೧೦೦ ಡಿಗ್ರಿಯ ನೀರಿಗೆ ಹೇಳಿದವು. ಮಂಗಳೂರಿನಲ್ಲಿ ಅವು ಹೊಂದುತ್ತವೆ. ಬೆಂಗಳೂರು, ಮಡಿಕೇರಿಗಳಲ್ಲಿ ಒಂದೆರಡು ನಿಮಿಷ ಹೆಚ್ಚು ಬೇಕಾದೀತು. ಒಂದನ್ನು ತುಂಡರಿಸಿ ನಡುವೆ ಬಿಳಿಯ ಚುಕ್ಕೆ ಉಳಿದಿದೆಯೇ ಎಂದು ನೋಡುವುದೇ ನಿಜವಾದ ಪರೀಕ್ಷೆ. ಆ ಚುಕ್ಕೆ ನೀರು ತಲಪದ ಪಿಷ್ಟ. ಇಟಲಿಯವರು ಅದು ಮಾಯವಾಗುವ ಹೊತ್ತಿಗೆ, ಹಲ್ಲಿಗೆ ತುಸು ತಾಗುವಂತಿರುವಾಗಲೇ ಇಳಿಸುವರು. ಎಳೆಯ ಮಕ್ಕಳಿಗೆ ಇನ್ನೆರಡು ನಿಮಿಷ ಬಿಡಬಹುದು. ಪ್ರೆಶರ್ ಕುಕ್ಕರಿನಲ್ಲಿ ಇದನ್ನು ಬೇಯಿಸಬಾರದು. ಪಿಷ್ಟದ ನೊರೆ ಏರಿ ಉಗಿಯ ರಂಧ್ರವನ್ನು ಕಟ್ಟಬಹುದು.

ಮಕ್ಕಳ ಮನೆಯಲ್ಲಿ ಅಪಾಯದ ಗಳಿಗೆಯೆಂದರೆ ಬಸಿಯುವ ಗಳಿಗೆ. ಕುದಿಯುವ ಲೀಟರುಗಟ್ಟಲೆ ನೀರನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ನಾಲ್ಕು ಹೆಜ್ಜೆ ನಡೆಯುವಾಗ ಮಗುವೊಂದು ಕಾಲಿಗೆ ಅಡ್ಡ ಬರುವುದು ಅಪರೂಪವಲ್ಲ. ೬೦ ಡಿಗ್ರಿಯ ನೀರೇ ಮಗುವಿನ ಎಳೆಯ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲುದು. ಇದು ೯೭ ಡಿಗ್ರಿಯದು. ಸುರಿಯುವಾಗ ಏಳುವ ಉಗಿ ಇನ್ನೂ ಕ್ರೂರ: ಒಂದು ಗ್ರಾಂ ಉಗಿ ಚರ್ಮದ ಮೇಲೆ ನೀರಾಗುವಾಗಲೇ ಸುಮಾರು ೨,೨೬೦ ಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಅಷ್ಟೇ ತೂಕದ ಕುದಿನೀರು ದೇಹದ ಉಷ್ಣತೆಗೆ ಇಳಿಯುವಾಗ ಬಿಡುವುದು ಅದರ ಒಂಬತ್ತನೆಯ ಒಂದು ಭಾಗದಷ್ಟು. ಆದುದರಿಂದ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು, ಕರಿದ ತಿಂಡಿಯನ್ನು ಎತ್ತುವ ತೂತಿನ ಸೌಟಿನಿಂದ ಪಾಸ್ತಾವನ್ನು ಪಕ್ಕದ ಬಾಣಲೆಗೆ ವರ್ಗಾಯಿಸುವುದೇ ಸರಿ. ನೀರು ಚೆಲ್ಲುವ ಭಯವಿಲ್ಲ. ನಮಗೆ ಮುಂದೆ ಬೇಕಾದ ನೀರು ಪಾತ್ರೆಯಲ್ಲಿಯೇ ಉಳಿಯುತ್ತದೆ. ಪಾಸ್ತಾವನ್ನು ತಣ್ಣೀರಿನಿಂದ ತೊಳೆಯುವ ಅಭ್ಯಾಸ ಕೆಲವರಿಗಿದೆ. ತೊಳೆದರೆ ಮೈಮೇಲಿನ ಪಿಷ್ಟ ಹೋಗಿ ಬೆಣ್ಣೆಗೆ ಹಿಡಿತ ಸಿಕ್ಕುವುದಿಲ್ಲ.

ಈಗ ಬೆಣ್ಣೆಗೆ ಬರೋಣ. ನೀರೂ ಕೊಬ್ಬೂ ತಾವಾಗಿ ಬೆರೆಯುವುದಿಲ್ಲ. ಒಂದನ್ನು ಇನ್ನೊಂದರಲ್ಲಿ ಸೂಕ್ಷ್ಮ ಹನಿಗಳಾಗಿ ಹರಡಿ ನಿಲ್ಲಿಸಿದರೆ ಅದಕ್ಕೆ ಎಮಲ್ಷನ್ ಎಂದು ಹೆಸರು. ಹಾಲಿನಲ್ಲಿ ಕೊಬ್ಬಿನ ಹನಿಗಳು ನೀರಿನಲ್ಲಿ ಹರಡಿವೆ. ಮೊಸರು ಕಡೆದು ಬೆಣ್ಣೆ ತೆಗೆದಾಗ ವ್ಯವಸ್ಥೆ ತಲೆಕೆಳಗಾಗುತ್ತದೆ: ಬೆಣ್ಣೆಯಲ್ಲಿ ಶೇಕಡ ೮೦ರಷ್ಟು ಕೊಬ್ಬು, ೧೬ರಷ್ಟು ನೀರು, ಇಲ್ಲಿ ನೀರೇ ಹನಿಗಳಾಗಿ ಕೊಬ್ಬಿನೊಳಗೆ ಕುಳಿತಿದೆ. ಬೆಣ್ಣೆಯನ್ನು ಬಿಸಿ ಪಾಸ್ತಾದ ಮೇಲೆ ಸುಮ್ಮನೆ ಹಾಕಿದರೆ ೩೫ ಡಿಗ್ರಿಯ ಸುಮಾರಿಗೆ ಕರಗಿ, ಕೊಬ್ಬು ನೀರು ಬೇರೆಬೇರೆಯಾಗಿ, ತುಪ್ಪವಾಗುವ ದಾರಿ ಹಿಡಿಯುತ್ತದೆ. ಒದ್ದೆಯಾದ ಪಾಸ್ತಾದ ಮೈಗೆ ಆ ಕೊಬ್ಬು ಹತ್ತುವುದಿಲ್ಲ. ಜಾರಿ ತಟ್ಟೆಯ ತಳ ಸೇರುತ್ತದೆ. ನಾವು ಮೊದಲು ಹೇಳಿದ ಎರಡನೆಯ ತಟ್ಟೆಯ ಕತೆ ಇದೇ.

ಮಾಡಬೇಕಾದುದು ಕಡೆಗೋಲು ಮಾಡಿದ ಕೆಲಸವನ್ನು ಹಿಂದಕ್ಕೆ ತಿರುಗಿಸುವುದು. ಕೊಬ್ಬನ್ನು ಮತ್ತೆ ನೀರಿನಲ್ಲಿ ಹನಿಗಳಾಗಿ ಹರಡುವುದು. ಬಾಣಲೆಯಲ್ಲಿರುವ ಪಾಸ್ತಾಕ್ಕೆ ಬೇಯಿಸಿದ ನೀರನ್ನು ಒಂದು ದೊಡ್ಡ ಸೌಟು, ಅಂದರೆ ಸುಮಾರು ೧೦೦ ಮಿಲಿಲೀಟರು, ಹಾಕಿ ಸಣ್ಣ ಉರಿಯಲ್ಲಿಟ್ಟು, ೪೦ ಗ್ರಾಂ ತಣ್ಣನೆಯ ಬೆಣ್ಣೆಯನ್ನು ಚೂರುಚೂರಾಗಿ ಸೇರಿಸುತ್ತ ಬಿಡದೆ ಜೋರಾಗಿ ಕೈಯಾಡಿಸಬೇಕು. ಕೈಯಾಡಿಸುವುದರಿಂದ ಕೊಬ್ಬು ಸಣ್ಣ ಹನಿಗಳಾಗಿ ಒಡೆಯುತ್ತದೆ. ಬೆಣ್ಣೆಯಲ್ಲಿರುವ ಹಾಲಿನ ಪ್ರೋಟೀನುಗಳು ಆ ಹನಿಗಳ ಮೇಲೆ ತೆಳುವಾದ ಪೊರೆ ಕಟ್ಟುತ್ತವೆ. ಪಿಷ್ಟದ ಪಾತ್ರ ಇನ್ನೊಂದು ಬಗೆಯದು. ಸ್ಟೋಕ್ಸನ ನಿಯಮವನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಒಡನೆಯೇ ಹೊಳೆಯಬೇಕು. ದ್ರವದಲ್ಲಿ ಮೇಲೇರುವ ಹನಿಯ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿಯೂ, ದ್ರವದ ಸ್ನಿಗ್ಧತೆಗೆ ವಿಲೋಮವಾಗಿಯೂ ಇರುವುದು. ಹನಿಯ ಗಾತ್ರ ಅರ್ಧವಾದರೆ ವೇಗ ಕಾಲುಭಾಗ. ಅದರ ಮೇಲೆ ಪಿಷ್ಟದ ಉದ್ದನೆಯ ಅಣುಗಳು ನೀರನ್ನು ಗಂಜಿಯಾಗಿಸಿ ಸ್ನಿಗ್ಧತೆಯನ್ನು ಹಲವು ಪಟ್ಟು ಏರಿಸಿದರೆ, ಹನಿಗಳು ಒಂದನ್ನೊಂದು ಸೇರಿ ಮೇಲೆ ತೇಲುವುದಕ್ಕೆ ಹಿಡಿಯುವ ಕಾಲ ಊಟದ ಕಾಲವನ್ನು ಮೀರುತ್ತದೆ. ನಮಗೆ ಬೇಕಾದುದು ಅಷ್ಟೇ. ವರ್ಷಗಟ್ಟಲೆ ನಿಲ್ಲುವ ಎಮಲ್ಷನ್ ಯಾರಿಗೂ ಬೇಡ.

ಕಡಿಮೆ ನೀರಿನಲ್ಲಿ ಬೇಯಿಸಿರೆಂದು ಹೇಳಿದುದರ ಎರಡನೆಯ ಲಾಭ ಈಗ ಕಾಣುವುದು. ಪಾಸ್ತಾ ಬಿಟ್ಟುಕೊಡುವ ಪಿಷ್ಟ ಹೆಚ್ಚುಕಡಿಮೆ ಅಷ್ಟೇ ಇರುವಾಗ, ನೀರು ಅರ್ಧವಾದರೆ ಅದರ ಸಾಂದ್ರತೆ ಇಮ್ಮಡಿ. ಅನ್ನ ಬಸಿದ ಗಂಜಿಯ ತಿಳಿಗೆ ಉಪ್ಪು ಬೆಣ್ಣೆ ಹಾಕಿಕೊಂಡು ಕುಡಿಯುವ ನಮ್ಮ ಹಿರಿಯರಿಗೆ ಈ ನೀರಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಬೆಣ್ಣೆಯ ಬದಲು ತುಪ್ಪವಾಗದೇ ಎಂದರೆ, ಆಗುತ್ತದೆ, ಆದರೆ ಅಷ್ಟು ಚೆನ್ನಾಗಿ ಅಲ್ಲ: ತುಪ್ಪ ಕಾಯಿಸುವಾಗ ಪೊರೆ ಕಟ್ಟುವ ಪ್ರೋಟೀನುಗಳೆಲ್ಲ ಗಸಿಯಾಗಿ ತಳದಲ್ಲಿ ಉಳಿದುಬಿಡುತ್ತವೆ. ಅಂಗಡಿಯ ಉಪ್ಪು ಬೆಣ್ಣೆಗಿಂತ ಮನೆಯ ಬೆಣ್ಣೆ ಮೇಲು. ಉರಿ ಜೋರಾಗಿ ನೀರು ಇಂಗಿಹೋದರೆ ಬಾಣಲೆಯಲ್ಲಿ ಜಿಡ್ಡು ಒಡೆದು ಕಾಣಿಸುತ್ತದೆ. ಗಾಬರಿಯಾಗಬೇಕಾಗಿಲ್ಲ, ಒಲೆಯಿಂದ ಇಳಿಸಿ ಎರಡು ಚಮಚ ಬಿಸಿ ಗಂಜಿನೀರು ಹಾಕಿ ಕೈಯಾಡಿಸಿದರೆ ಮತ್ತೆ ಕೂಡಿಕೊಳ್ಳುವುದು.

ಮಕ್ಕಳ ಪಾಲಿಗೆ ತುರಿದ ಚೀಸ್ ಸೇರಿಸುವವರು ಒಲೆಯಿಂದ ಇಳಿಸಿ, ಉಗಿ ಆರಿದ ಮೇಲೆ ಸೇರಿಸಬೇಕು. ಬಿಸಿ ಹೆಚ್ಚಾದರೆ ಚೀಸಿನ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂಥ ಗಂಟಾಗುತ್ತವೆ. ರೋಮಿನ ಚೀಸ್-ಮೆಣಸಿನ ಪಾಸ್ತಾದಲ್ಲಿ ಉಂಟಾಗುವ ಇಂಥ ಗಂಟುಗಳನ್ನು ಇಟಲಿಯ ಭೌತವಿಜ್ಞಾನಿಗಳ ತಂಡವೊಂದು ಶಾಸ್ತ್ರೀಯವಾಗಿ ಅಳೆದು ೨೦೨೫ರಲ್ಲಿ ಪ್ರಕಟಿಸಿತು. ಪಿಷ್ಟವು ಚೀಸಿನ ತೂಕದ ಶೇಕಡ ಒಂದಕ್ಕಿಂತ ಕಡಿಮೆಯಿದ್ದರೆ ಗಂಟಾಗುತ್ತದೆ, ಎರಡು ಮೂರರಷ್ಟಿದ್ದರೆ ನಯವಾಗಿ ನಿಲ್ಲುತ್ತದೆ ಎಂಬುದು ಅವರ ನಿರ್ಣಯ. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪಾರಿತೋಷಕ ಆ ವರ್ಷ ಅವರಿಗೆ ಸಂದಿತು. ನಮಗೇನೋ ಇದರಲ್ಲಿ ನಗುವಂಥದು ಕಾಣಲಿಲ್ಲ.

ಬಡಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಬೆಣ್ಣೆ ಹಚ್ಚಿದ ಪಾಸ್ತಾ ನೋಡುವುದಕ್ಕೆ ಆರಿದಂತೆ ಕಾಣುತ್ತದೆ, ಹೊಗೆಯಾಡುವುದಿಲ್ಲ. ಮೇಲಿನ ಕೊಬ್ಬಿನ ತೆಳುಪದರ ನೀರು ಆವಿಯಾಗುವುದಕ್ಕೆ ಅಡ್ಡಿಯಾಗಿ, ಆವಿಯ ಮೂಲಕ ಹೋಗಬೇಕಾದ ಉಷ್ಣ ಒಳಗೇ ಉಳಿಯುವುದೇ ಇದಕ್ಕೆ ಕಾರಣ. ಕೊಳವೆಯಾಕಾರದ ಪಾಸ್ತಾದಲ್ಲಿ ಒಳಗೆ ಬಿಸಿನೀರು ನಿಂತಿರುವುದೂ ಉಂಟು. ಮಗು ಕಚ್ಚಿದಾಗ ಅದು ನಾಲಗೆಯ ಮೇಲೆ ಚಿಮ್ಮುತ್ತದೆ. ಬಟ್ಟಲಿನಲ್ಲಿ ಗುಡ್ಡೆ ಹಾಕದೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಗಾಳಿಗೆ ಒಡ್ಡಿದ ಮೇಲ್ಮೈ ಹೆಚ್ಚಿ ಬೇಗ ಆರುವುದು. ಕೊಡುವ ಮೊದಲು ಒಂದು ತುಂಡನ್ನು ಸೀಳಿ ಒಳಮೈಯನ್ನು ಬೆರಳಿಗೆ ಮುಟ್ಟಿಸಿ ನೋಡಬೇಕು. ತೀರ ಎಳೆಯರಿಗೆ ತುಂಡನ್ನು ಇನ್ನೂ ಚಿಕ್ಕದು ಮಾಡಿ ಕೊಡಬೇಕು.

ಮಕ್ಕಳು ನಿಧಾನವಾಗಿ ಉಣ್ಣುವರು. ಅರ್ಧ ಗಂಟೆಯಲ್ಲಿ ತಟ್ಟೆಯ ಪಾಸ್ತಾ ಬಿಗಿಯಾಗಿ, ಮೇಲೋಗರವೆಲ್ಲ ಮೇಣದಂತಾಗಿರುತ್ತದೆ. ಒಂದು ಕಡೆ ಬೆಣ್ಣೆಯ ಕೊಬ್ಬು ಗಟ್ಟಿಯಾಗಿದೆ; ಇನ್ನೊಂದು ಕಡೆ ಪಿಷ್ಟದ ಅಣುಗಳು ತಣಿದು ಮತ್ತೆ ಸಾಲುಗಟ್ಟುತ್ತಿವೆ, ತಂಗಳನ್ನ ಗಟ್ಟಿಯಾಗುವಂತೆ. ಇದಕ್ಕೆ ಹೊಸ ಬೆಣ್ಣೆ ಹಾಕಿ ಪ್ರಯೋಜನವಿಲ್ಲ. ಒಲೆಯ ಮೇಲಿನ ಪಾತ್ರೆಯಲ್ಲಿ ಉಳಿದ ನೀರನ್ನು ಊಟ ಮುಗಿಯುವವರೆಗೂ ಚೆಲ್ಲದೆ, ಮಗುವಿನ ಕೈಗೆ ಎಟುಕದಂತೆ, ಬಿಸಿಯಾಗಿ ಇಟ್ಟುಕೊಂಡಿದ್ದರೆ ಎರಡು ಚಮಚ ಬೆರೆಸಿ ಕಲಸಿದೊಡನೆ ಅದು ಮತ್ತೆ ಸಡಿಲವಾಗುತ್ತದೆ.